ತೊಂದೂರಿನಲ್ಲಿ ಭಾವನ ಸುಳಿ

ಬಂಗುಡೆಯ ಹೊಟ್ಟೆ ಸೀಳುತ್ತಿದ್ದಾಗ ಇವರ ಫೋನ್ ಬಂತು. ಕೈಯೆಲ್ಲ ರಕ್ತ. ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ.

"ಅಣ್ಣನಿಗೆ ರಿಟೈರ್ ಆಯ್ತು. ಸೂರ್ ಪೇಟೆಯ ಕ್ವಾರ್ಟರ್ಸ್ ಈ ವಾರವೇ ಬಿಡ್ಬೇಕಂತೆ. ಊರಿಗೆ ಹೋಗುವ ತನಕ ಒಂದು ತಿಂಗಳು ನಮ್ಮಲ್ಲಿ ಇರ್ತಾನೆ," ಎಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಅವರು ಮಾತ್ರ ಬರ್ತಾರಾ, ಆ ಬಿಯರಿನ ಸಾಮಾನೂ ಬರ್ತದಾ?"

"ಮೀಟಿಂಗ್ ಉಂಟು," ಎಂದು ಇವರು ಫೋನ್ ಇಟ್ಟರು. ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೆ ಇವರ ಮೀಟಿಂಗಿನ ಅರ್ಥ ಓದಲು ನನಗೆ ಕನ್ನಡಕ ಬೇಡ.

ಲೋಕದಲ್ಲಿ ಬಿಯರ್ ಕುಡಿಯುವವರು ಎಷ್ಟೋ ಮಂದಿ ಇದ್ದಾರೆ. ಕುಡಿಯುವ ಆಸೆಯೇ ಇಲ್ಲದೆ, ಅದನ್ನು ಪಾತ್ರೆಯಲ್ಲಿ ಗರಗರ ತಿರುಗಿಸುವ ಸುಖಕ್ಕಾಗಿ ಮನೆಯಲ್ಲೇ ಬಿಯರ್ ಕಾಯಿಸುವ ಮನುಷ್ಯ ಮಾತ್ರ ನನಗೆ ಗೊತ್ತಿದ್ದ ಹಾಗೆ ಒಬ್ಬರೇ. ಆ ಒಬ್ಬರನ್ನು ದೇವರು ಹುಡುಕಿ ತಂದು ನನ್ನ ಗಂಡನ ಅಣ್ಣನನ್ನಾಗಿ ಮಾಡಿದ. ಅವರು ನನ್ನ ಸ್ವಂತ ಅಣ್ಣನಾಗಲಿಲ್ಲವಲ್ಲ, ಅಷ್ಟರ ಮಟ್ಟಿಗೆ ದೇವರು ದಯಾಮಯ.

ಭಾವ ಮದುವೆಯಾದವರಲ್ಲ. ಒಮಾನಿನ ಸಮುದ್ರದ ಬದಿಯ ಆ ಸೂರಿನ ಹತ್ತಿರದ ಗ್ಯಾಸ್ ಪ್ಲಾಂಟಿನ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಬಾಟಲಿ ಅಲ್ಲಾಡಿಸಿ ಬೆಳಕಿಗೆ ಹಿಡಿದು ನೋಡಿದವರು. ಬಾಟಲಿ ಪ್ಲಾಂಟಿನಲ್ಲೇ ಉಳಿಯುತ್ತಿತ್ತು, ಚಾಳಿ ಮನೆಗೆ ಬರುತ್ತಿತ್ತು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಥರ್ಮಾಮೀಟರ್. ನಾನು ಕೊಟ್ಟ ಚಹಾಕ್ಕೆ ಅದನ್ನು ಅದ್ದಿ, "ಎಪ್ಪತ್ತೊಂದು. ಕುಡಿಯಬಹುದು," ಎನ್ನುತ್ತಾರೆ. ಒಮ್ಮೆ ನನ್ನ ಮೀನಿನ ಸಾರಿಗೆ ಹುಳಿ ಎಷ್ಟೆಂದು ನೋಡಲು ಕಾಗದದ ಪಟ್ಟಿ ಅದ್ದಿದ್ದರು. ಪಟ್ಟಿ ಕೆಂಪಾಯಿತು. ನನ್ನ ಮುಖವೂ ಕೆಂಪಾಯಿತು. ಅವರು ಪಟ್ಟಿಯನ್ನು ಮಾತ್ರ ನೋಡಿದರು.

ಒಮಾನಿನಲ್ಲಿ ನಮ್ಮಂಥವರಿಗೆ ಬಿಯರ್ ಸಿಗುವುದಿಲ್ಲವೆಂದಲ್ಲ. ಪರ್ಮಿಟ್ ಮಾಡಿಸಿಕೊಂಡರೆ ಅದಕ್ಕೆಂದೇ ಇರುವ ಅಂಗಡಿಯಿಂದ ತರಬಹುದು. ಅದು ಸರಕಾರಕ್ಕೂ ಗೊತ್ತು, ನಮ್ಮ ಇಗರ್ಜಿಯ ಪಾದ್ರಿಗಳಿಗೂ ಗೊತ್ತು. ಮನೆಯಲ್ಲಿ ಕಾಯಿಸುವುದು ಮಾತ್ರ ಅಪರಾಧ. ಸಿಕ್ಕಿಬಿದ್ದರೆ ಕೆಲಸವೂ ಖಲಾಸ್, ವೀಸಾವೂ ಖಲಾಸ್. ಸೂರಿನಲ್ಲಿ ಹಿಡಿದಿದ್ದರೆ ಭಾವ ಒಬ್ಬರೇ ಹೋಗುತ್ತಿದ್ದರು. ಮಸ್ಕತ್ತಿನ ಅಲ್ ಗುಬ್ರಾದ ಈ ಫ್ಲಾಟ್ ಇರುವುದು ಇವರ ಹೆಸರಿನಲ್ಲಿ. ಮಗಳ ಹನ್ನೆರಡನೆಯ ಕ್ಲಾಸಿನ ಪರೀಕ್ಷೆಗೆ ಮೂರು ವಾರ ಉಂಟು. ಇಲ್ಲಿ ಒಂದು ವಾಸನೆ ಹೊರಗೆ ಹೋದರೆ ಪರೀಕ್ಷೆ ಬರೆಯಬೇಕಾದ ಹುಡುಗಿ ವಿಮಾನದ ಕಿಟಕಿಯಿಂದ ತನ್ನ ಶಾಲೆಯನ್ನು ನೋಡಬೇಕು.

ಅಷ್ಟಾದರೂ ನಾನು ಬೇಡವೆನ್ನುವ ಹಾಗಿರಲಿಲ್ಲ. ಇವರಿಗೆ ಮಸ್ಕತ್ತಿನಲ್ಲಿ ಕೆಲಸ ಹುಡುಕಿ ವೀಸಾ ಮಾಡಿಸಿದ್ದು ಭಾವ. ಇನ್ನೊಂದು ಋಣವೂ ಉಂಟು, ಅದು ಭಾವನದ್ದಲ್ಲ, ನನ್ನ ಅತ್ತೆಯದ್ದು. ಮಗಳು ಹುಟ್ಟಿ ನಾಲ್ಕು ತಿಂಗಳಲ್ಲಿ ಏನು ಕೊಟ್ಟರೂ ವಾಂತಿ ಮಾಡುತ್ತಿದ್ದಳು. ಹಾಲು ನಿಲ್ಲದು, ಡಬ್ಬಿಯ ಹುಡಿ ನಿಲ್ಲದು. ಡಾಕ್ಟರು ಮೂರು ಸಲ ಬದಲಾದರು. ಆಗ ಶಿರ್ವದ ಮನೆಯಿಂದ ಅತ್ತೆ ಕೂವೆ ಹುಡಿ ಕಳಿಸಿದರು. ಭಾವ ರಜೆಯಿಂದ ಬರುವಾಗ ಬ್ಯಾಗಿನಲ್ಲಿ ತಂದರು. ಅದರ ಗಂಜಿ ಮಗುವಿನ ಹೊಟ್ಟೆಯಲ್ಲಿ ನಿಂತಿತು. ಆಮೇಲೆ ಅತ್ತೆ ಇರುವ ತನಕ, ಭಾವ ಊರಿಗೆ ಹೋಗಿ ಬಂದಾಗಲೆಲ್ಲ ಆ ಹುಡಿ ಬಂತು. ಮಲ್ಲಿಗೆಯಷ್ಟು ಬಿಳಿ, ಹಲ್ಲಿಗೆ ಸಿಕ್ಕುವ ಒಂದು ಮರಳಿನ ಕಾಳಿಲ್ಲ. ಕೂವೆ ಗೆಡ್ಡೆ ಅರೆದು, ನೀರಿನಲ್ಲಿ ಕದಡಿ, ತಳಕ್ಕೆ ಕೂರಿಸಿ, ಮೇಲಿನ ನೀರು ಚೆಲ್ಲಿ, ಹೀಗೆ ಏಳೆಂಟು ಸಲ ತೊಳೆದರೆ ಮಾತ್ರ ಹಾಗಾಗುವುದು. ಅತ್ತೆ ತೀರಿಕೊಂಡು ಹನ್ನೊಂದು ವರ್ಷ. ಸಂಜೆ ಜಪಸರ ಹಿಡಿದು ತೇರ್ಸ್ ಪ್ರಾರ್ಥನೆ ಹೇಳುವಾಗ ಆ ಕೂವೆಗಾಗಿ ಅತ್ತೆಯ ಹೆಸರಿಗೆ ಒಂದು ನಮೋ ಮರಿಯೆ ನಾನು ಇವತ್ತಿಗೂ ತಪ್ಪಿಸಿಲ್ಲ. ಕೊನೆಯ ಬಾರಿ ಬಂದದ್ದರಲ್ಲಿ ನಾಲ್ಕು ಚಮಚ ಈಗಲೂ ಫ್ರಿಜ್ಜಿನ ಬಾಗಿಲಲ್ಲಿ ಉಂಟು.

ಅಂಥ ತಾಯಿಯ ಹೊಟ್ಟೆಯಲ್ಲಿ ಇಂಥ ಮಗ.

ಭಾವನ ಬಿಯರಿನ ಕತೆ ಶುರುವಾಗುವುದೇ ಸುಳ್ಳಿನಿಂದ. ಸೂರಿನ ಸೂಕ್ ಮಾರುಕಟ್ಟೆಯಲ್ಲಿ ಬಾರ್ಲಿ ಸಿಗುವುದು ಮೇವಿನ ಅಂಗಡಿಯಲ್ಲಿ. "ಆಡು ಎಷ್ಟುಂಟು?" ಎಂದು ಅಂಗಡಿಯ ಮುದುಕ ಕೇಳಿದನಂತೆ. ಭಾವ ಯೋಚಿಸದೆ "ಆರು" ಎಂದರು. ಮುದುಕ ಒಳ್ಳೆಯವನು, ಹೋದಾಗಲೆಲ್ಲ ಆಡುಗಳ ಕ್ಷೇಮ ವಿಚಾರಿಸಿದ. ಈದ್ ಹತ್ತಿರ ಬಂದಾಗ, "ಒಂದು ನನಗೆ ಕೊಡು," ಎಂದ. ಭಾವ ಏನು ಮಾಡಿಯಾರು? ಆಡು ಸತ್ತಿತೆಂದರು. ಮುಂದಿನ ಈದಿಗೆ ಇನ್ನೊಂದು. ಹೀಗೆ ಆರು ವರ್ಷದಲ್ಲಿ ಆರೂ ಆಡುಗಳನ್ನು ಕೊಂದರು. ಕೊನೆಯದಕ್ಕೆ ಮುದುಕ ಭಾವನ ಭುಜ ಹಿಡಿದು ಸಂತಾಪ ಹೇಳಿ, ಖರ್ಜೂರದ ಒಂದು ಡಬ್ಬಿ ಕೊಟ್ಟು ಕಳಿಸಿದ. ಆ ಖರ್ಜೂರವನ್ನು ನಮ್ಮ ಮನೆಗೆ ತಂದರು. ನಾನು ಮುಟ್ಟಲಿಲ್ಲ. ಸುಳ್ಳಿನ ಹೆಣಕ್ಕೆ ಬಂದ ಖರ್ಜೂರ ಯಾರಿಗೆ ಬೇಕು? ಇವರು ಮತ್ತು ಮಗಳು ಎರಡು ದಿನದಲ್ಲಿ ಮುಗಿಸಿದರು.

ಬಿಯರಿಗೆ ಕಹಿ ಬರಲು ಏನೋ ಒಂದು ಹೂವು ಹಾಕಬೇಕಂತೆ. ಅದು ಇಲ್ಲಿ ಸಿಗದು. ಭಾವ ಅದರ ಬದಲು ನಮ್ಮ ಊರಿನ ಕಿರಾತಕಡ್ಡಿ ಹಾಕುತ್ತಾರೆ. ಜ್ವರಕ್ಕೆ ಅಜ್ಜಿಯಂದಿರು ಮೂಗು ಒತ್ತಿ ಹಿಡಿದು ಕುಡಿಸುತ್ತಿದ್ದರಲ್ಲ, ಅದೇ ಕಡ್ಡಿ. ಮಸ್ಕತ್ತಿನ ಪಕ್ಕದ ಸೀಬಿನಿಂದ ಬಂದ ಇವರ ಗೆಳೆಯರೊಬ್ಬರು ಒಂದು ಗುಟುಕು ಕುಡಿದು, ಗ್ಲಾಸು ಕೆಳಗಿಟ್ಟು, "ಯಾವ ವೈದ್ಯರದ್ದು? ಪಥ್ಯ ಉಂಟಾ?" ಎಂದು ಕೇಳಿದರು. ಭಾವನಿಗೆ ಬೇಸರವೇನೂ ಆಗಲಿಲ್ಲ. ರುಚಿಯ ಗೊಡವೆ ಅವರಿಗೆಲ್ಲಿದೆ? ಅವರಿಗೆ ಬೇಕಾದದ್ದು ತಿಳಿ. ಗ್ಲಾಸಿಗೆ ಸುರಿದು, ಅದರ ಹಿಂದೆ ನನ್ನ ಪ್ರಾರ್ಥನೆಯ ಪುಸ್ತಕ ಹಿಡಿದು, ಅಕ್ಷರ ಓದಲು ಬರುತ್ತದೋ ನೋಡುತ್ತಾರೆ. ಬರುವುದಿಲ್ಲ. "ಇನ್ನೂ ಮೋಡ ಉಂಟು," ಎಂದು ಗ್ಲಾಸನ್ನು ತಮ್ಮನಿಗೆ ಕೊಡುತ್ತಾರೆ. ತಮ್ಮ ಹಿರಿಯರೆಂಬ ಭಕ್ತಿಯಿಂದ ಕುಡಿಯುತ್ತಾರೆ. ಮೋಡ ಇವರ ಹೊಟ್ಟೆಯಲ್ಲಿ ಗುಡುಗುತ್ತದೆ.

ಹೋದ ವರ್ಷ ರಜೆಯಲ್ಲಿ ನಾವು ಸೂರಿಗೆ ಹೋಗಿದ್ದೆವು. ಸಂಜೆ ಅವರ ಕ್ವಾರ್ಟರ್ಸಿನಲ್ಲೇ ತೇರ್ಸಿಗೆ ಕೂತೆವು. ಮೊದಲ ನಮೋ ಮರಿಯೆ ಮುಗಿಯುವಾಗ ಎಲ್ಲಿಂದಲೋ "ಬುಳಕ್" ಎಂದಿತು. ಎರಡನೆಯದಕ್ಕೂ "ಬುಳಕ್." ನಾನು ಇವರನ್ನು ನೋಡಿದೆ, ಇವರು ಮಗಳನ್ನು ನೋಡಿದರು, ಮಗಳ ಭುಜ ಕುಣಿಯುತ್ತಿತ್ತು. ಕೊನೆಗೆ ನೋಡಿದರೆ ಶಿಲುಬೆ ಇಟ್ಟ ಅಲ್ತಾರಿನ ಮೇಜಿನ ಕೆಳಗೆ, ಬಿಳಿ ಬಟ್ಟೆಯ ಹಿಂದೆ, ಗಾಜಿನ ಜಾಡಿಯೊಳಗೆ ಬಿಯರ್ ಹುಳಿ ಬರುತ್ತ ಕೂತಿದೆ. ಮನೆಯಲ್ಲಿ ಬಿಸಿಲು ಬೀಳದ ಜಾಗ ಅದೊಂದೇ ಅಂತೆ. ಭಾವ ಕಣ್ಣು ಮುಚ್ಚಿಕೊಂಡೇ, ಜಪಸರ ಕೈಯಲ್ಲಿ ಹಿಡಿದುಕೊಂಡೇ, "ಎಂಟು ಸೆಕೆಂಡಿಗೊಂದು. ಆರೋಗ್ಯವಾಗಿ ಉಂಟು," ಎಂದರು. ಮಾತೆ ಮರಿಯಮ್ಮನವರು ಕ್ಷಮಿಸಿರಬೇಕು. ನಾನು ಕ್ಷಮಿಸಿಲ್ಲ.

ಅಂಥ ಮನುಷ್ಯ ನಮ್ಮಲ್ಲಿಗೆ ಬಂದರು. ಎರಡು ಸೂಟ್‌ಕೇಸ್, ಒಂದು ರಟ್ಟಿನ ಪೆಟ್ಟಿಗೆ, ಮೊಳಕೆ ಬರಿಸಿ ಹುರಿದ ಬಾರ್ಲಿಯ ಒಂದು ಚೀಲ. ಜಾಡಿ ಕಾರಿನ ಡಿಕ್ಕಿಯಲ್ಲೇ ಇತ್ತು. ಬಾಗಿಲಲ್ಲೇ ಹೇಳಿದೆ.

"ಭಾವ, ಮಗಳ ಪರೀಕ್ಷೆ ಮುಗಿಯುವ ತನಕ ಈ ಮನೆಯಲ್ಲಿ ಅದೆಲ್ಲ ಆಗುವುದಿಲ್ಲ."

"ಪರೀಕ್ಷೆ ಮುಗಿಯುವಾಗ ನಾನು ಊರಲ್ಲಿ ಇರ್ತೇನೆ ಮಾರಾಯ್ತಿ."

"ಒಳ್ಳೆದಾಯ್ತು. ಅಲ್ಲೇ ಮಾಡಿ."

"ಅಲ್ಲಿ ಈ ಕೆಲಸಕ್ಕೆ ಮನಸ್ಸು ಬರ್ಲಿಕ್ಕಿಲ್ಲ. ಒಂದೇ ಸಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಪೂರ್ತಿ ತಿಳಿ ಬರಲಿಲ್ಲ ನೋಡು. ನನ್ನ ಪಾತ್ರೆ ಸಣ್ಣದು, ಸುಳಿ ಸರಿ ಏಳ್ತಿರ್ಲಿಲ್ಲ. ನಿನ್ನ ತೊಂದೂರು ಅಗಲ ಉಂಟು."

ತೊಂದೂರು ಎಂದರೆ ನಾನು ಹಬ್ಬಕ್ಕೆ ಇಡ್ಲಿಯಂಥ ಸನ್ನ ಹಬೆಯಲ್ಲಿ ಬೇಯಿಸುವ ಪಾತ್ರೆ. ನನ್ನ ತಾಯಿ ಮದುವೆಗೆ ಕೊಟ್ಟದ್ದು. ನಾನು ಇವರ ಮುಖ ನೋಡಿದೆ. ಇವರು ಸೂಟ್‌ಕೇಸಿನ ಚಕ್ರ ನೋಡುತ್ತಿದ್ದರು. ಮಗಳು ಒಳಗಿನಿಂದ, "ಪಪ್ಪಾ, ಇಟ್ಸ್ ಇಲ್ಲೀಗಲ್," ಎಂದಳು. "ನೀನು ಓದು," ಎಂದರು ಇವರು. ಈ ಮನೆಯಲ್ಲಿ ಯಜಮಾನರ ಧೈರ್ಯವೆಲ್ಲ ಮಗಳ ಮೇಲೆಯೇ. ವೀಸಾದ ಋಣ ನೆನೆದು, ಒಂದೇ ಸಲವೆಂದು ನಾನೂ ಒಪ್ಪಿದೆ.

ಶುಕ್ರವಾರ. ಇಲ್ಲಿ ನಮ್ಮ ಭಾನುವಾರದ ಪೂಜೆಯೂ ಶುಕ್ರವಾರವೇ. ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದದ್ದೇ ಭಾವ ಅಂಗಿಯ ತೋಳು ಮಡಚಿದರು. ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಆ ಸಿಹಿನೀರಿಗೆ ಕಿರಾತಕಡ್ಡಿ ಹಾಕಿ ಒಂದು ಗಂಟೆ ಕುದಿಸಿದರು. ನಾನು ಕಿಟಕಿ ಮುಚ್ಚಿ, ಬಾಗಿಲಿನ ಸಂದಿಗೆ ಒದ್ದೆ ಟವೆಲ್ ತುರುಕಿ, ಹಾಲ್‌ನಲ್ಲಿ ಇದ್ದ ಊದುಬತ್ತಿಗಳನ್ನೆಲ್ಲ ಹಚ್ಚಿದೆ. ಮಗಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಪರೀಕ್ಷೆ ಹತ್ತಿರ ಬಂದರೆ ಅವಳಿಗೆ ಹೊಟ್ಟೆ ಕೆಡುವುದು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಇವರು ಔಷಧ ತರುತ್ತೇನೆಂದು ಹೊರಗೆ ಹೋದವರು ಬರಲೇ ಇಲ್ಲ. ಆ ಔಷಧ ಯಾವ ಊರಿನಲ್ಲಿ ಸಿಕ್ಕುತ್ತಿತ್ತೋ.

ಒಲೆ ಆರಿಸಿ ಭಾವ ಮರದ ಸೌಟು ತೆಗೆದುಕೊಂಡರು. ಪಾತ್ರೆಯ ಅಂಚಿನಿಂದ, ಒಂದೇ ದಿಕ್ಕಿಗೆ, ಮೊದಲು ನಿಧಾನ, ಆಮೇಲೆ ಜೋರಾಗಿ ತಿರುಗಿಸಿದರು. ಅರುವತ್ತು ವರ್ಷದ ಕೈ ಗಡಿಯಾರದ ಮುಳ್ಳಿನ ಹಾಗೆ ತಪ್ಪದೆ ತಿರುಗಿತು. ಕಂದು ನೀರು ಗಿರಗಿರ ಸುತ್ತಿ ನಡುವೆ ಬಾವಿಯಷ್ಟು ಗುಳಿ ಬಿತ್ತು. ಸೌಟು ಎತ್ತಿ, ಮುಚ್ಚಳ ಹಾಕಿ, ತುಟಿಗೆ ಬೆರಳಿಟ್ಟರು.

"ಇಪ್ಪತ್ತು ನಿಮಿಷ. ಯಾರೂ ನಡೆಯಬಾರ್ದು. ವಾಷಿಂಗ್ ಮೆಷಿನ್ ಹಾಕ್ಬೇಡ. ಕಸವೆಲ್ಲ ಸುತ್ತಿ ಸುತ್ತಿ ನಡುವಿಗೆ ಬಂದು ಗುಡ್ಡೆಯಾಗಿ ಕೂರ್ತದೆ."

"ತೇರ್ಸ್ ಹೇಳಬಹುದಾ?"

"ಮನಸ್ಸಿನಲ್ಲೇ ಹೇಳು."

ಸ್ವಂತ ಅಡುಗೆಮನೆಯಲ್ಲಿ ಉಸಿರಾಡಲು ಪರ್ಮಿಟ್ ಬೇಕಾದ ಹೆಂಗಸು ಒಮಾನಿನಲ್ಲಿ ನಾನೊಬ್ಬಳೇ ಇರಬೇಕು.

ಹತ್ತು ನಿಮಿಷವಾಗಿತ್ತು. ಕೆಳಗಿನಿಂದ ವಾಚ್‌ಮನ್ ಫೋನ್ ಮಾಡಿದ. ನೀರಿನ ಟ್ಯಾಂಕರ್ ಬಂದಿದೆ, ಭಾವನ ಕಾರು ಅಡ್ಡ ಇದೆ. "ಜಾಡಿಯನ್ನೂ ತರ್ತೇನೆ," ಎಂದು ಭಾವ ತುದಿಗಾಲಲ್ಲಿ ಬಾಗಿಲಿಗೆ ನಡೆದರು. ಅಲ್ಲಿಂದಲೇ ಪಿಸುಗುಟ್ಟಿದರು. "ಇಪ್ಪತ್ತು ಆದ ಕೂಡಲೇ ಬದಿಯಿಂದ ನಳಿಗೆಯಲ್ಲಿ ತಿಳಿ ತೆಗೀಬೇಕು. ತಡ ಆದ್ರೆ ಕೆಡ್ತದೆ. ನಾನು ಬಾರದಿದ್ರೆ ನೀನೇ ಶುರು ಮಾಡು. ನಡುವಿನ ಗುಡ್ಡೆ ಮಾತ್ರ ಒಂದು ಚೂರೂ ಅಲ್ಲಾಡಬಾರ್ದು."

ಟ್ಯಾಂಕರ್ ಎಂದರೆ ನಿಮಗೆ ಗೊತ್ತಿಲ್ಲ. ಒಂದು ಕಾರು ತೆಗೆಯಲು ಇನ್ನೊಂದು ಕಾರು ತೆಗೆಯಬೇಕು, ಅದರವನು ನಿದ್ರೆಯಲ್ಲಿರುತ್ತಾನೆ. ಇಪ್ಪತ್ತು ನಿಮಿಷವಾಯಿತು, ಭಾವ ಬರಲಿಲ್ಲ. ಮುಚ್ಚಳ ತೆಗೆದೆ. ನೋಡಿದರೆ ಹೇಳಿದ ಹಾಗೆಯೇ, ತಳದ ನಡುವಿನಲ್ಲಿ ಗೋಪುರದ ಹಾಗೆ ಒಂದು ಗುಡ್ಡೆ. ರಬ್ಬರಿನ ನಳಿಗೆಯನ್ನು ಅವರು ಬಿಸಿನೀರಿನಲ್ಲಿ ತೊಳೆದು ಸಿಂಕಿನೊಳಗೆ ಇಟ್ಟಿದ್ದರು. ಕೆಲಸ ಎಂಥ ಪಾಪದ್ದಾದರೂ ಮಾಡುವಾಗ ಚಂದ ಮಾಡಬೇಕೆಂದು ನನ್ನ ತಾಯಿ ಕಲಿಸಿದ್ದಾರೆ. ನಳಿಗೆಗೆ ನೀರು ತುಂಬಿಸಿ, ಒಂದು ತುದಿಯನ್ನು ಪಾತ್ರೆಯ ಬದಿಗೆ ಇಳಿಸಿ ಇನ್ನೊಂದನ್ನು ಸಿಂಕಿನಲ್ಲೇ ಬಿಟ್ಟೆ. ಉಸಿರು ಬಿಗಿಹಿಡಿದು, ಗುಡ್ಡೆಯ ಒಂದು ಕಣವೂ ಅಲುಗದ ಹಾಗೆ, ಅಷ್ಟೂ ನೀರನ್ನು ಸಿಂಕಿಗೆ ಹರಿಸಿದೆ. ಆಮೇಲೆ ಗುಡ್ಡೆಯನ್ನು ಜೋಪಾನವಾಗಿ ಸ್ಟೀಲಿನ ಬೋಗುಣಿಗೆ ತೆಗೆದು, ಮೇಲೆ ತಟ್ಟೆ ಮುಚ್ಚಿ ಇಟ್ಟೆ. ಭಾವ ಹೊಗಳಿಯಾರು ಎಂದೂ ಒಂದು ಕ್ಷಣ ಅನಿಸಿತು. ಸುಳ್ಳು ಯಾಕೆ ಹೇಳಲಿ?

ಅವರು ಜಾಡಿಯನ್ನು ಮಗುವಿನ ಹಾಗೆ ಅಪ್ಪಿಕೊಂಡು ಬಂದರು. ಪಾತ್ರೆ ನೋಡಿದರು.

"ತೆಗೆದಾಯ್ತಾ? ಎಲ್ಲಿ?"

"ಇಲ್ಲಿ." ಬೋಗುಣಿಯ ತಟ್ಟೆ ಎತ್ತಿ ತೋರಿಸಿದೆ. "ಒಂದು ಚೂರೂ ಅಲ್ಲಾಡಲಿಲ್ಲ."

"ಇದು ಗುಡ್ಡೆ."

"ಹೌದು."

"ನೀರೆಲ್ಲಿ?"

"ಚೆಲ್ಲಿದೆ."

ಭಾವ ಜಾಡಿಯನ್ನು ನೆಲದ ಮೇಲಿಟ್ಟರು. ಸಿಂಕಿನೊಳಗೆ ಬಗ್ಗಿ ನೋಡಿದರು. ಜೇಬಿನಿಂದ ಥರ್ಮಾಮೀಟರ್ ತೆಗೆದರು, ಅದ್ದಲು ಏನೂ ಇರಲಿಲ್ಲ, ಮತ್ತೆ ಜೇಬಿಗೆ ಹಾಕಿದರು. ಅಷ್ಟರಲ್ಲಿ ಬಾಗಿಲು ಬಡಿಯಿತು.

ವಾಚ್‌ಮನ್. ಬಾಂಗ್ಲಾದೇಶದವನು, ಫೋನ್ ಕೈಯಲ್ಲೇ ಹಿಡಿದಿದ್ದ. "ಭಾಭಿ, ನೀಚೆ ಕೆ ಕಿಚನ್ ಮೇ ಛತ್ ಸೆ ಚಾಯ್ ಗಿರ್ ರಹಾ ಹೈ," ಎಂದ. ಕೆಳಗಿನವರ ಅಡುಗೆಮನೆಯಲ್ಲಿ ಮಾಡಿನಿಂದ ಚಹಾ ಸುರಿಯುತ್ತಿದೆಯಂತೆ. ನಾನು ಹರಿಸಿದ ನೀರಿನ ಬಿಸಿಗೆ ಸಿಂಕಿನ ಕೆಳಗಿನ ಪ್ಲಾಸ್ಟಿಕ್ ಪೈಪು ಬಿಟ್ಟುಕೊಂಡಿತ್ತು. ಅವನು ಒಳಗೆ ಬಂದ. ಸಿಂಕಿನ ಫೋಟೋ ತೆಗೆದ, ಪೈಪಿನ ಫೋಟೋ ತೆಗೆದ. ಮೂಗು ಅರಳಿಸಿ ಬೋಗುಣಿಗೆ ಬಗ್ಗಿದ. ಒಳಗಿನ ಕೋಣೆಯಲ್ಲಿ ಮಗಳ ಮಂಚ ಕಿರುಗುಟ್ಟಿದ್ದು ಕೇಳಿತು. ನನ್ನ ಕಣ್ಣಿಗೆ ವಿಮಾನವೂ ಅದರ ಕಿಟಕಿಯೂ ಬಂದವು.

"ಯೇ ಕ್ಯಾ ಹೈ ಭಾಭಿ?"

ನನಗೆ ಸುಳ್ಳು ಬರುವುದಿಲ್ಲ. "ಜೌ," ಎಂದೆ. ಬಾರ್ಲಿ ಅಲ್ಲವೆನ್ನಲು ಯಾರಿಗೂ ಸಾಧ್ಯವಿಲ್ಲ.

"ಅಚ್ಛಾ, ಪಥ್ರೀ ಕೆ ಲಿಯೆ?" ಮೂತ್ರದ ಕಲ್ಲಿಗೆ ಬಾರ್ಲಿ ನೀರು ಕುಡಿಯುವುದು ಅವರ ಊರಿನಲ್ಲೂ ಇದೆಯಂತೆ.

ಆರು ಆಡುಗಳನ್ನು ಕೊಂದ ಭಾವ ತಕ್ಷಣ ಸೊಂಟಕ್ಕೆ ಕೈಯಿಟ್ಟು ಮುಖ ಕಿವಿಚಿದರು. ವಾಚ್‌ಮನ್ ಪಾಪ, ಅವರ ಬೆನ್ನು ಸವರಿದ. ಜಾಡಿ ಉಪ್ಪಿನಕಾಯಿಗೆಂದು ಅವನೇ ತಿಳಿದುಕೊಂಡ. ಹೋಗುವಾಗ ಹೇಳಿದ. ನಾಳೆ ಬೆಳಿಗ್ಗೆ ಪ್ಲಂಬರ್ ಬರುತ್ತಾನೆ, ಕಟ್ಟಡದ ಮಾಲಕರಾದ ಒಮಾನಿ ಹಿರಿಯರೂ ಬರುತ್ತಾರೆ. ಅಡುಗೆಮನೆ, ಬಚ್ಚಲು, ಸ್ಟೋರ್ ರೂಮ್, ಎಲ್ಲ ಪೈಪು ನೋಡಬೇಕಂತೆ.

ಬಾಗಿಲು ಹಾಕಿ ನಾನು ಅಲ್ಲೇ ಒರಗಿ ನಿಂತೆ. ನಾನು ಆ ನೀರು ಚೆಲ್ಲದೆ ಇದ್ದಿದ್ದರೆ ಪೈಪು ಬಿಡುತ್ತಿರಲಿಲ್ಲ, ಯಾರೂ ಬರುತ್ತಿರಲಿಲ್ಲ, ಅದು ನಿಜ. ಆದರೆ ಆ ಪೈಪು ಇವತ್ತಲ್ಲ ನಾಳೆ ಬಿಡುವಂಥದ್ದೇ. ಆಗ ಸ್ಟೋರ್ ರೂಮಿನಲ್ಲಿ ಜಾಡಿ ಎಂಟು ಸೆಕೆಂಡಿಗೊಮ್ಮೆ ಬುಳಕ್ ಎನ್ನುತ್ತಿದ್ದರೆ? ದೇವರು ಕೆಲವು ಸಲ ನಮ್ಮ ಬುದ್ಧಿಯಿಂದ ಕಾಪಾಡುತ್ತಾನೆ, ಕೆಲವು ಸಲ ನಮ್ಮ ದಡ್ಡತನದಿಂದ. ನನ್ನ ಪಾಲಿಗೆ ಹೆಚ್ಚಾಗಿ ಎರಡನೆಯದೇ ಬಂದಿದೆ, ಸಾಕು.

ಭಾವ ಸ್ಟೂಲಿನ ಮೇಲೆ ಕೂತು ಬೋಗುಣಿ ನೋಡುತ್ತಿದ್ದರು. ಬೈಯುತ್ತಾರೆಂದು ಕಾದೆ. ಬೈದರೆ ತಿರುಗಿ ಕೊಡಲು ನನ್ನಲ್ಲಿ ಎಷ್ಟೋ ವರ್ಷದ ದಾಸ್ತಾನಿತ್ತು.

"ತಿಳಿ ಹೇಗಿತ್ತು?" ಎಂದು ಕೇಳಿದರು.

"ಸಿಂಕಿನ ಜಾಲರಿಯ ತೂತು ಒಂದೊಂದೇ ಕಾಣ್ತಿತ್ತು ಭಾವ."

"ಹೌದಾ." ಸ್ವಲ್ಪ ನಕ್ಕರು. "ಹಾಗಾದ್ರೆ ಬಂತು." ಮತ್ತೆ ಕೇಳಿದರು. "ನೀರು ಚೆಲ್ಲಿ ಗುಡ್ಡೆ ಯಾಕೆ ಇಟ್ಟೆ ನೀನು?"

"ಮತ್ತೇನು ಮಾಡುವುದು? ಕೂವೆಯಲ್ಲಿ ಹಾಗೆಯೇ ಅಲ್ವಾ? ತಿರುಗಿಸಿ, ಕೂರಿಸಿ, ನೀರು ಚೆಲ್ಲಿ, ತಳದ್ದು ಇಟ್ಟುಕೊಳ್ಳುವುದು. ನಿಮ್ಮ ಅಮ್ಮ ಎಷ್ಟು ಚಂದ ಮಾಡ್ತಿದ್ರು. ಒಂದು ಮರಳಿನ ಕಾಳು ಇರ್ತಿರ್ಲಿಲ್ಲ. ಆ ತಾಯಿಯ ಕೈ..."

"ಅಮ್ಮನ ಕೈ ಆಗ ಎಲ್ಲಿ ಏಳ್ತಿತ್ತು?" ಎಂದರು ಭಾವ. ಯಾರದೋ ಸುದ್ದಿ ಹೇಳುವ ಹಾಗೆ. "ವಾತದಲ್ಲಿ ಎರಡೂ ಮೊಣಕೈ ಹಿಡಿದಿತ್ತಲ್ಲ. ಅವಳು ಮಣೆಯಲ್ಲಿ ಕೂತು ಹೇಳುವುದು, ನಾನು ತಿರುಗಿಸುವುದು. ಜೋರಾಗಿ ತಿರುಗಿಸಿ ಬಿಟ್ರೆ ಮರಳು ಮೊದಲು ನಡುವಿಗೆ ಬಂದು ಕೂರ್ತದೆ, ಅದನ್ನು ಚಮಚದಲ್ಲಿ ತೆಗೆದುಬಿಡ್ಬಹುದು. ಅದು ನಾನೇ ಕಂಡುಹಿಡಿದದ್ದು. ಎಂಟು ತೊಳೆತ, ಒಂದೊಂದಕ್ಕೆ ಇಪ್ಪತ್ತು ನಿಮಿಷ. ರಜೆ ಹೇಗೆ ಮುಗೀತಿತ್ತು ಅಂತ ಗೊತ್ತೇ ಆಗ್ತಿರ್ಲಿಲ್ಲ."

"ನೀವು ಒಮ್ಮೆಯೂ ಹೇಳಲಿಲ್ಲ."

"ಹೇಳುವುದು ಎಂತ ಉಂಟು ಅದರಲ್ಲಿ? ಅಮ್ಮನ ಹೆಸರಲ್ಲಿ ಹೋಗುವುದು ಅವಳಿಗೆ ಖುಷಿ." ಬೋಗುಣಿಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದರು. "ಅಮ್ಮ ಹೋದ ಮೇಲೆ ಕೈ ಸುಮ್ಮನೆ ಕೂರ್ಲಿಲ್ಲ. ತಿರುಗಿಸ್ಲಿಕ್ಕೆ ಏನಾದ್ರೂ ಬೇಕಲ್ಲ."

ಒಳಗೆ ನನ್ನ ಮಗಳು, ಆ ಹುಡಿಯಿಂದ ಬದುಕಿದ ಮಗಳು, ಅತ್ತಿಂದಿತ್ತ ಹೊರಳಿದಳು. ಹದಿನೇಳು ವರ್ಷ ನಾನು ಹೇಳಿದ ನಮೋ ಮರಿಯೆಯಲ್ಲಿ ಅರ್ಧ ತಪ್ಪು ವಿಳಾಸಕ್ಕೆ ಹೋಗಿತ್ತು. ಈ ಮನುಷ್ಯನ ಹೆಸರಿಗೂ ಇನ್ನು ಒಂದು ಹೇಳಬೇಕು. ಮನಸ್ಸಿಟ್ಟು ಹೇಳುವುದು ನನಗೆ ಸುಲಭವಲ್ಲ, ಅಲ್ತಾರಿನ ಕೆಳಗಿನ ಜಾಡಿ ನೆನಪಿಗೆ ಬರುತ್ತದೆ. ಆದರೂ ಹೇಳುತ್ತೇನೆ.

ಬೆಳಿಗ್ಗೆಯಿಂದ ಏನೂ ತಿನ್ನದ ಮಗಳಿಗೆ ಗಂಜಿ ಮಾಡಲು ಫ್ರಿಜ್ಜಿನ ಬಾಗಿಲು ತೆಗೆದೆ. ಹಳೆಯ ಬಾಟಲಿಯಲ್ಲಿದ್ದ ನಾಲ್ಕು ಚಮಚ ಕೂವೆಯನ್ನೂ ಸಣ್ಣ ಪಾತ್ರೆಗೆ ಸುರಿದು, ತಣ್ಣೀರಿನಲ್ಲಿ ಕಲಸಿ ಒಲೆಯ ಮೇಲಿಟ್ಟೆ. ಕೂವೆಗೆ ಕೈಯಾಡಿಸುತ್ತಲೇ ಇರಬೇಕು, ಬಿಟ್ಟರೆ ಗಂಟು ಕಟ್ಟುತ್ತದೆ. ಮರದ ಸೌಟನ್ನು ಭಾವನ ಕೈಗೆ ಕೊಟ್ಟೆ.

"ಒಂದೇ ದಿಕ್ಕಿಗೆ," ಎಂದೆ.

"ನನಗೆ ಹೇಳ್ಬೇಡ," ಎಂದರು ಅವರು, ಥರ್ಮಾಮೀಟರ್ ತೆಗೆಯುತ್ತ.

ನಾನು ಸಿಂಕಿನ ಕೆಳಗೆ ಬಾಲ್ದಿ ಇಟ್ಟು, ಹಳೆಯ ಬಟ್ಟೆ ಹಿಂಡಿ, ಅಂಟು ಅಂಟಾಗಿದ್ದ ನೆಲ ಒರೆಸಲು ಕೂತೆ.